ನಲವತ್ತೆರಡನೆಯ ಜೀವ

“ಇದನ್ನ ನೋಡು ವರ್ನಾ. ಕಣ್ಣು ಬಿಟ್ಟು ನೋಡು,” ಎಂದು ಓಡೆಸ್ಸಾ ಕ್ರೆನ್ಶಾ ಒಂದು ಗಾಜಿನ ಪಾತ್ರೆಯನ್ನು ಷರೀಫ್ ಕಚೇರಿಯಲ್ಲಿ ಡೆಪ್ಯುಟಿಯಾದ ನನ್ನ ಮೇಜಿನ ಮೇಲೆ ಕುಕ್ಕಿದಳು.

ಒಳಗೆ ಬೆಣ್ಣೆ ಕೇಕಿತ್ತು. ಯಾರೂ ಮುಟ್ಟಿರಲಿಲ್ಲ.

“ನಂಗೆ ಕೇಕ್ ತಂದ್ಯಾ?”

“ಕೇಕ್ ಹಾಳಾಗ್ಹೋಗ್ಲಿ! ತಳ ನೋಡು, ತಳ.”

ಪಾತ್ರೆಯನ್ನು ಎತ್ತಿ ನೋಡಿದೆ. ತಳಕ್ಕೆ ಬಿಳಿ ಟೇಪು ಅಂಟಿಸಿತ್ತು. ಅದರ ಮೇಲೆ ಅವಳದೇ ಕೈಬರಹದಲ್ಲಿ ಅವಳದೇ ಹೆಸರು.

“ಆವತ್ತು ಸಂಜೆ ನನ್ನ ವೆಂಡಲ್ ಕೈಲಿ ಹಿಡ್ಕೊಂಡು ಹೋದ್ನಲ್ಲ, ಅದೇ ಪಾತ್ರೆ. ಇವತ್ತು ಬೆಳಗ್ಗೆ ನೋಡ್ತೀನಿ, ನನ್ನ ಮನೆ ಜಗಲಿ ಮೇಲೆ ಕೂತಿದೆ. ಹೋದ ಮಗ ಬರ್ಲಿಲ್ಲ, ಪಾತ್ರೆ ಬಂತು.”

ಎರಡು ವಾರದ ಹಿಂದೆ ಓಡೆಸ್ಸಾಳ ಒಬ್ಬನೇ ಮಗ ವೆಂಡಲ್, ಮಿಸ್ ನೆಲ್ಡಾ ಪ್ರೂಯಿಟ್‌ಳ ಅಡುಗೆಮನೆಯಲ್ಲಿ ಅವಳದೇ ಪಿಸ್ತೂಲಿನ ಗುಂಡಿಗೆ ಸತ್ತಿದ್ದ. ಕತ್ತಲಲ್ಲಿ ಬಾಗಿಲು ಒದ್ದು ಕಳ್ಳತನಕ್ಕೆ ನುಗ್ಗಿದ, ಪ್ರಾಣಭಯವಾಯಿತು, ಹೊಡೆದೆ ಎಂದು ನೆಲ್ಡಾ ಹೇಳಿದ್ದಳು, ಊರೆಲ್ಲ ಅವಳಿಗೆ ಚಪ್ಪಾಳೆ ತಟ್ಟಿತ್ತು.

ಮೊದಲ ದಿನದಿಂದಲೂ ಓಡೆಸ್ಸಾ ಒಂದೇ ಮಾತು ಹೇಳಿದ್ದಳು. ನೆಲ್ಡಾಗೆ ಜ್ವರ ಅಂತ ಚರ್ಚಿನಲ್ಲಿ ಕೇಳಿದೆ, ಚಿಕನ್ ಅನ್ನ ಮಾಡಿ ಮಗನ ಕೈಲಿ ಕಳಿಸಿದೆ, ಅವನು ಊಟ ಕೊಡೋಕೆ ಹೋದವನು. ಅಡುಗೆಮನೆಯ ಮೂಲೆ ಮೂಲೆ ಹುಡುಕಿದರೂ ನಮಗೆ ಅಂಥ ಪಾತ್ರೆ ಸಿಕ್ಕಿರಲಿಲ್ಲ. ಒಡೆದ ಗಾಜಿನ ಚೂರೂ ಇರಲಿಲ್ಲ. ಹೆತ್ತ ಕರುಳು, ಏನಾದರೊಂದು ಹೇಳುತ್ತೆ ಎಂದು ಎಲ್ಲರೂ ಸುಮ್ಮನಾದರು. ನಾನೂ ಸುಮ್ಮನಾದವಳೇ.

“ಸೋಮವಾರ ಗ್ರ್ಯಾಂಡ್ ಜ್ಯೂರಿ ಕೂರುತ್ತೆ,” ಎಂದಳು ಓಡೆಸ್ಸಾ. “ಊರಿನ ಹನ್ನೆರಡು ಜನ ಕೂತ್ಕೊಂಡು ಕೇಸೇ ಬೇಡ, ನನ್ನ ಮಗ ಕಳ್ಳ, ಸತ್ತಿದ್ದು ಸರಿ ಅಂತ ಬರೆದುಬಿಡ್ತಾರೆ. ಆಮೇಲೆ ಅದನ್ನ ಅಳಿಸೋಕೆ ದೇವರಿಂದಲೂ ಆಗಲ್ಲ. ನಾನು ಮಗನ್ನ ವಾಪಸ್ ಕೊಡು ಅಂತ ಕೇಳ್ತಿಲ್ಲ ಕಣೇ. ಅವನು ಕಳ್ಳ ಅಲ್ಲ ಅಂತ ಯಾರಾದ್ರೂ ಒಬ್ಬರು ಹೇಳ್ಲಿ. ಅಷ್ಟು ಸಾಕು.”

“ಮನೆಗೆ ಹೋಗು. ಪಾತ್ರೆ ಇಲ್ಲೇ ಇರ್ಲಿ. ಯಾರ ಹತ್ರಾನೂ ಬಾಯಿ ಬಿಡಬೇಡ.”

“ಎರಡು ವಾರದಿಂದ ಇದೇ ಹೇಳ್ತಿದ್ದೀಯ. ಕಾಯಿ, ಕಾಯಿ, ಕಾಯಿ. ಕಾದು ಕಾದು ಕಲ್ಲಾಗಿದ್ದೀನಿ.”

ಅವಳು ಹೋದ ಮೇಲೆ ನಾನು ಫರ್ನ್‌ಗೆ ಫೋನು ಮಾಡಿದೆ. ಬೆಣ್ಣೆ ಕೇಕಿಗೆ ಆ ಪರಿ ನಿಂಬೆ ಸಿಪ್ಪೆ ತುರಿದು ಹಾಕುವವಳು ನಮ್ಮ ಚರ್ಚಿನಲ್ಲಿ ಅವಳೊಬ್ಬಳೇ.

“ಅಯ್ಯೋ ಮಿಸ್ ವರ್ನಾ, ನನ್ನಿಂದ ಏನಾದ್ರೂ ತಪ್ಪಾಯ್ತಾ?” ಎಂದಳು ಫರ್ನ್, ನಾನು ಪೂರ್ತಿ ಕೇಳುವ ಮೊದಲೇ.

“ಪಾತ್ರೆ ಎಲ್ಲಿ ಸಿಕ್ತು ಹೇಳು.”

“ನೆಲ್ಡಾ ಮನೆ ಫ್ರಿಜ್ಜಲ್ಲಿ. ನಿನ್ನೆ ನಾವು ಹೆಂಗಸರೆಲ್ಲ ಸೇರಿ ಖಾಲಿ ಮಾಡಿದ್ವಿ. ಊರವರೆಲ್ಲ ಕಳಿಸಿದ ಊಟ, ಅವಳೊಬ್ಬಳು ಎಷ್ಟು ತಿಂತಾಳೆ? ತೊಳೆದು, ಹೆಸರು ನೋಡಿ, ಅವರವರ ಮನೆಗೆ ಹಂಚಿದ್ವಿ. ಓಡೆಸ್ಸಾ ಹೆಸರಿನದೂ ಒಂದಿತ್ತು. ಅವಳ ಮುಖ ನೋಡೋ ಧೈರ್ಯ ಬರ್ಲಿಲ್ಲ, ಜಗಲಿ ಮೇಲಿಟ್ಟು ಓಡಿ ಬಂದ್ಬಿಟ್ಟೆ. ಖಾಲಿ ಪಾತ್ರೆ ಹೆಂಗೆ ಕೊಡೋದು, ಅದಕ್ಕೆ ಕೇಕ್ ಇಟ್ಟೆ.”

“ಫ್ರಿಜ್ಜಲ್ಲಿ ಸಿಕ್ಕಾಗ ಒಳಗೆ ಏನಿತ್ತು?”

“ಚಿಕನ್ ಅನ್ನ. ಒಂದು ಚಮಚ ಕೂಡ ತೆಗೆದಿರ್ಲಿಲ್ಲ. ಎಲ್ಲಕ್ಕಿಂತ ಹಿಂದೆ, ಕೆಳಗಿನ ಶೆಲ್ಫಲ್ಲಿತ್ತು. ಮಗನ್ನ ಕೊಂದವಳಿಗೂ ಊಟ ಕಳಿಸಿದ್ದಾಳಲ್ಲ, ಎಂಥ ದೊಡ್ಡ ಮನಸ್ಸು ಓಡೆಸ್ಸಾದು ಅಂತ ನಾವೆಲ್ಲ ಕಣ್ಣೀರು ಹಾಕಿದ್ವಿ ಗೊತ್ತಾ?”

ನಾನು ಫೋನು ಇಟ್ಟೆ. ಮೂಲೆ ಮೂಲೆ ಹುಡುಕಿದ ನಮಗೆ ಫ್ರಿಜ್ ತೆರೆದು ನೋಡಬೇಕೆಂದು ಮಾತ್ರ ಹೊಳೆದಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ನಮ್ಮ ಕಡೆ ಸಾವಾದ ಮನೆಗೆ ಊರೆಲ್ಲ ಅಡುಗೆ ಮಾಡಿ ಕಳಿಸುತ್ತದೆ. ಈ ಸಲ ಸಾವಾದದ್ದು ಓಡೆಸ್ಸಾಳ ಮನೆಯಲ್ಲಿ, ಅಡುಗೆ ಹೋದದ್ದು ನೆಲ್ಡಾಳ ಮನೆಗೆ. ಓಡೆಸ್ಸಾಗೆ ಒಂದು ತುಂಡು ಬ್ರೆಡ್ಡನ್ನೂ ಯಾರೂ ಕೊಟ್ಟಿರಲಿಲ್ಲ. ಕಳ್ಳನ ತಾಯಿಗೆ ಯಾರು ಕೊಡುತ್ತಾರೆ?

ಷರೀಫ್ ಬಾಯ್ಡ್ ರೇಮಿ ನನ್ನ ಮೇಜಿನ ಹತ್ತಿರ ಬಂದು ಕೇಕು ನೋಡಿದ, ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡ. ನಾನು ವಿಷಯ ಹೇಳಿದೆ.

“ಸೋ?” ಎಂದ.

“ಬಾಯ್ಡ್, ಗಾಜಿನ ಪಾತ್ರೆ ಅದು. ಬಾಗಿಲು ಒದ್ದು ನುಗ್ಗೋನು ಬಿಸಿ ಅನ್ನದ ಪಾತ್ರೆ ಹಿಡ್ಕೊಂಡು ನುಗ್ತಾನಾ? ಗುಂಡು ಬಿದ್ದಾಗ ಕೈಲಿದ್ದಿದ್ರೆ ಚೂರುಚೂರಾಗ್ತಿತ್ತು. ಅವನು ಒಳಗೆ ಬಂದಿದ್ದಾನೆ, ಪಾತ್ರೆ ಕೆಳಗಿಟ್ಟಿದ್ದಾನೆ. ಆಮೇಲೆ ಸತ್ತಿದ್ದಾನೆ.”

“ಇಲ್ಲಾ, ಓಡೆಸ್ಸಾ ಮೊನ್ನೆ ಯಾವತ್ತೋ ತಾನೇ ಹಿಂಬಾಗಿಲಲ್ಲಿ ಇಟ್ಟು ಬಂದಿದ್ದಾಳೆ. ಈಗ ನಾಟಕ ಮಾಡ್ತಿದ್ದಾಳೆ. ಜ್ಯೂರಿ ಮುಂದೆ ಯಾವ ವಕೀಲನಾದ್ರೂ ಅದನ್ನೇ ಹೇಳ್ತಾನೆ. ಹೆಂಗಸರು ತೊಳೆದಿಟ್ಟ ಪಾತ್ರೇಲಿ ಏನು ಸಾಕ್ಷಿ ಹುಡುಕ್ತೀಯ ನೀನು?” ಬೆರಳು ನೆಕ್ಕಿಕೊಂಡ. “ಚುನಾವಣೆ ಹತ್ರ ಬಂತು ವರ್ನಾ. ನೆಲ್ಡಾ ತಂಟೆಗೆ ಹೋಗಬೇಡ.”

ಅವನು ಹೇಳಿದ್ದರಲ್ಲಿ ಅರ್ಧ ನಿಜ. ಆ ಪಾತ್ರೆ ನನಗೆ ಸತ್ಯ ಹೇಳುತ್ತಿತ್ತು, ಜ್ಯೂರಿಗೆ ಹೇಳುತ್ತಿರಲಿಲ್ಲ. ನೆಲ್ಡಾಳೇ ಬಾಯಿಬಿಡಬೇಕು, ಅದೂ ಸೋಮವಾರದ ಒಳಗೆ.

ಕೇಕನ್ನು ತೆಗೆದಿಟ್ಟು, ಖಾಲಿ ಪಾತ್ರೆಯನ್ನು ಕಾರಿನ ಪಕ್ಕದ ಸೀಟಿನಲ್ಲಿಟ್ಟುಕೊಂಡು ಹೊರಟೆ.

ನೆಲ್ಡಾಳ ಮನೆಗೆ ಹೋಗುವ ದಾರಿಯಲ್ಲೇ ಡ್ವೈಟ್ ಹಾಸ್ಕಿನ್ಸ್‌ನ ಬಂದೂಕಿನ ಅಂಗಡಿ. ಅಂಗಡಿಯ ಮುಂದೆ ಎತ್ತರದ ಕಂಬದಲ್ಲಿ ಹಲಗೆ. “ನಮ್ಮ ಕೌಂಟಿಯಲ್ಲಿ ಬಂದೂಕು ಉಳಿಸಿದ ಜೀವ: 42.” ವೆಂಡಲ್ ಸಾಯುವವರೆಗೆ ಅದು ನಲವತ್ತೊಂದಾಗಿತ್ತು. ಮುಂಜಾನೆಯ ರೇಡಿಯೋದಲ್ಲಿ ಡ್ವೈಟ್ ಆ ಸಂಖ್ಯೆಯನ್ನು ಹವಾಮಾನದ ಜೊತೆಗೇ ಓದಿಸುತ್ತಾನೆ.

ಆ ನಲವತ್ತೆರಡರಲ್ಲಿ ಬಹುಪಾಲು ಕಡೆಗೆ ಮೊದಲು ಹೋದವಳು ನಾನೇ. ಕುಡಿದು ಬಂದ ಅಳಿಯನಿಗೆ ಮಾವ ಗುಂಡಿಟ್ಟದ್ದು ಅದರಲ್ಲಿದೆ. ಬೇಲಿಯ ಜಗಳ ಇದೆ. ಬಾರಿನ ಹೊರಗೆ ಇಬ್ಬರೂ ಪಿಸ್ತೂಲು ತೆಗೆದು, ಮೊದಲು ಹೊಡೆದವನು ಸಂತ್ರಸ್ತನಾದದ್ದಿದೆ. ನಿಜವಾಗಿ ಕಳ್ಳನನ್ನೋ ಕೊಲೆಗಾರನನ್ನೋ ತಡೆದದ್ದನ್ನು ಎಣಿಸಲು ಒಂದು ಕೈಯ ಬೆರಳು ಸಾಕು.

ಹಾಗಂತ ಇಲ್ಲವೇ ಇಲ್ಲ ಎಂದರೆ ಅದೂ ಸುಳ್ಳು. ಹತ್ತಿ ಮಿಲ್ಲಿನ ಹಿಂದೆ ಒಬ್ಬ ನರ್ಸಿದ್ದಾಳೆ. ಬಿಟ್ಟುಹೋದ ಗಂಡ ಕೊಡಲಿ ಹಿಡಿದು ಬಂದಾಗ ಕೋವಿ ತೋರಿಸಿದಳು, ಅವನು ಓಡಿದ. ಒಂದು ಗುಂಡೂ ಹಾರಲಿಲ್ಲ. ಅವಳು ಪೊಲೀಸರಿಗೂ ಹೇಳಲಿಲ್ಲ. ವರ್ಷಗಳ ಮೇಲೆ ಮಾತಿನ ಮಧ್ಯೆ ನನಗೆ ಹೇಳಿದಳು. ಅವಳು ಆ ಹಲಗೆಯ ಮೇಲೆ ಇಲ್ಲ. ನಿಜವಾಗಿ ಉಳಿದವರು ಲೆಕ್ಕಕ್ಕೆ ಬರುವುದಿಲ್ಲ, ಲೆಕ್ಕಕ್ಕೆ ಬಂದವರು ನಿಜ ಹೇಳುವುದಿಲ್ಲ. ಎಷ್ಟು ಸಲ ಬಂದೂಕು ಜೀವ ಉಳಿಸುತ್ತದೆ ಎಂದು ಕೇಳಿದರೆ ಇಷ್ಟು ವರ್ಷ ಸರ್ವೀಸಾದ ನನಗೇ ಗೊತ್ತಿಲ್ಲ. ಡ್ವೈಟ್‌ಗೆ ಮಾತ್ರ ಗೊತ್ತು.

ಅವನು ಅಂಗಡಿಯಿಂದ ಕೈ ಬೀಸುತ್ತ ರಸ್ತೆಗೇ ಬಂದ. ನಿಲ್ಲಿಸಬೇಕಾಯಿತು.

“ಏನ್ ಮಿಸ್ ವರ್ನಾ, ಶನಿವಾರಾನೂ ಡ್ಯೂಟಿನಾ? ಬಾಯ್ಡ್ ನಿನ್ನ ಗಾಣದೆತ್ತು ಮಾಡ್ಬಿಟ್ಟ!” ಕಿಟಕಿಗೆ ಮೊಣಕೈ ಊರಿ ಬಾಗಿದ. ಆರಡಿ ದಾಟಿದ ಆಳು, ಬಾಗಲೇಬೇಕು. “ಸೋಮವಾರ ನಾವೆಲ್ಲ ನೆಲ್ಡಾ ಪರವಾಗಿ ಕೋರ್ಟಿಗೆ ಬರ್ತಿದ್ದೀವಿ. ಬಸ್ಸೇ ಮಾಡಿದ್ದೀವಿ.”

“ಬನ್ನಿ, ಬನ್ನಿ. ಪಲ್ಲಕ್ಕಿ ಒಂದು ಕಮ್ಮಿ ಇತ್ತು.”

ಡ್ವೈಟ್ ನಕ್ಕ. ಆಮೇಲೆ ಅವನ ಕಣ್ಣು ಪಕ್ಕದ ಸೀಟಿಗೆ ಹೋಯಿತು. ಪಾತ್ರೆ ಮಗುಚಿ ಇಟ್ಟಿದ್ದೆ, ಓಡೆಸ್ಸಾಳ ಹೆಸರಿನ ಟೇಪು ಮೇಲಾಗಿತ್ತು.

“ಅದೇನದು?”

“ಯಾರದೋ ಪಾತ್ರೆ. ಕೊಡೋಕೆ ಹೋಗ್ತಿದ್ದೀನಿ.”

“ಓಹೋ,” ಎಂದ. ಕಿಟಕಿಯಿಂದ ಕೈ ತೆಗೆದ. ಇನ್ನೊಂದು ಮಾತೂ ಆಡದೆ ಅಂಗಡಿಯ ಒಳಗೆ ನಡೆದ. ಡ್ವೈಟ್ ಮಾತು ಮುಗಿಸದೆ ಹೋದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆದರೆ ನನ್ನ ತಲೆಯ ತುಂಬ ನೆಲ್ಡಾ ಇದ್ದಳು, ಗಾಡಿ ಬಿಟ್ಟೆ. ಎಂಥ ದಡ್ಡಿ ನಾನು!

ನೆಲ್ಡಾ ಹಿಂಬಾಗಿಲು ತೆರೆದಳು. ನಮ್ಮಲ್ಲಿ ಮುಂಬಾಗಿಲಿಗೆ ಬರುವವರು ಪಾದ್ರಿ ಮತ್ತು ಇನ್ಶೂರೆನ್ಸಿನವರು ಮಾತ್ರ.

ನನ್ನ ಭುಜಕ್ಕೂ ಬರದ ಹೆಂಗಸು. ಗಂಡ ಸತ್ತು ಎರಡು ವರ್ಷವಾಗಿತ್ತು. ಚರ್ಚಿನ ಹಾಲಿನಲ್ಲಿ ಹೆಂಗಸರಿಗೆ ಪಿಸ್ತೂಲು ಕಲಿಸುತ್ತಾಳೆ. ಈ ಊರಿನ ಅರ್ಧ ಹೆಂಗಸರು ಅವಳ ಶಿಷ್ಯರು. ಕೂದಲು ಬಾಚಿರಲಿಲ್ಲ. ಹದಿನೈದು ದಿನದಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಳು.

“ಕೂತ್ಕೋ. ಟೀ ಕೊಡ್ತೀನಿ,” ಎಂದು ಸಕ್ಕರೆ ಹಾಕಿದ ತಣ್ಣನೆಯ ಟೀ ಇಟ್ಟಳು.

ನೆಲಕ್ಕೆ ಹೊಸ ಹಾಸು ಹಾಕಿದ್ದರು. ಚರ್ಚಿನ ಗಂಡಸರ ಸೇವೆ. ಸ್ಟೋವಿನ ಪಕ್ಕದ ಕಪಾಟಿನ ಅಡಿಹಲಗೆಯಲ್ಲಿ ಗುಂಡಿನ ತೂತು ಮಾತ್ರ ಹಾಗೇ ಇತ್ತು.

ನಾನು ಪಾತ್ರೆಯನ್ನು ಮೇಜಿನ ಮೇಲಿಟ್ಟೆ.

ಅವಳು ಅದನ್ನು ನೋಡಿದಳು. ಟೀ ಜಗ್ಗು ಹಿಡಿದಿದ್ದ ಕೈ ಅಲ್ಲೇ ನಿಂತಿತು.

“ಪ್ರಾಣಭಯ ಆಯ್ತು, ವಕೀಲರು ಬರೋವರೆಗೂ ಏನೂ ಮಾತಾಡಲ್ಲ,” ಎಂದಳು.

“ಆ ಪಾಠ ನನಗೂ ಬರುತ್ತೆ ನೆಲ್ಡಾ. ನಿನ್ನ ಕ್ಲಾಸಿಗೆ ಬಂದವರೆಲ್ಲ ಅದನ್ನೇ ಒಪ್ಪಿಸ್ತಾರೆ, ಒಂದಕ್ಷರ ಆಚೀಚೆ ಇಲ್ಲದೆ. ಈಗ ನಾನು ಪಿಸ್ತೂಲಿನ ಮಾತು ಕೇಳ್ತಿಲ್ಲ. ಅಡುಗೆ ಮಾತು ಕೇಳ್ತಿದ್ದೀನಿ. ಇದನ್ನ ಫ್ರಿಜ್ಜಲ್ಲಿ ಇಟ್ಟಿದ್ದು ಯಾರು?”

ಅವಳು ಕುರ್ಚಿಗೆ ಕುಸಿದಳು.

“ಫರ್ನ್ ಹೆಂಗೆ ತಗೊಂಡು ಹೋದ್ಲು? ನಾನು ಒಳಗೆ ಮಲಗಿದ್ದೆ. ಬೇಡ ಬೇಡ ಅಂದ್ರೂ ಫ್ರಿಜ್ ತೊಳೀತೀವಿ ಅಂತ ಕೂತ್ರು.”

“ಇಟ್ಟಿದ್ದು ಯಾರು?”

“ನಾನೇ,” ಎಂದಳು. “ಚಿಕನ್ ಕಣೇ. ಹೊರಗಿಟ್ರೆ ಕೆಟ್ಟುಹೋಗುತ್ತೆ.”

“ಆ ಹುಡುಗ ನೆಲದ ಮೇಲೆ ಬಿದ್ದಿದ್ದಾಗಲಾ?”

“ಹ್ಞೂಂ.” ಮುಖ ಮುಚ್ಚಿಕೊಂಡಳು. “ಯಾಕಿಟ್ಟೆ ಅಂತ ಕೇಳಬೇಡ. ಕೈ ತಾನಾಗೇ ಇಡ್ತು. ನಮ್ಮಮ್ಮ ಹಂಗೇ ಕಲಿಸಿದ್ಲು, ಯಾರಾದ್ರೂ ಊಟ ತಂದ್ರೆ ಮೊದಲು ಎತ್ತಿಡಬೇಕು ಅಂತ. ಅವನು ಉಸಿರೆಳೀತಿದ್ದ, ನಾನು ಫ್ರಿಜ್ಜಿನ ಬಾಗಿಲು ಹಾಕ್ತಿದ್ದೆ. ಎಂಥ ಮನುಷ್ಯಳು ನಾನು, ವರ್ನಾ?”

ಸತ್ಯ ಹೇಳುತ್ತೇನೆ, ಆ ಗಳಿಗೆಯಲ್ಲಿ ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಯ್ಯೋ ಅನ್ನಿಸಿತು. ಆದರೂ ಬಿಡುವಂತಿರಲಿಲ್ಲ.

“ಎದ್ದು ನಿಲ್ಲು,” ಎಂದೆ.

“ಯಾಕೆ?”

“ನಿಲ್ಲು ಮಾರಾಯ್ತಿ. ಕೈ ಮುಂದೆ ಚಾಚು, ಕ್ಲಾಸಲ್ಲಿ ತೋರಿಸ್ತೀಯಲ್ಲ, ಹಂಗೆ.”

ನಿಂತಳು, ಚಾಚಿದಳು. ನಾನು ಅವಳೆದುರು ನಿಂತೆ. ವೆಂಡಲ್ ನನಗಿಂತಲೂ ಎತ್ತರದ ಹುಡುಗ. ಈ ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಿತ್ತು.

“ಅವನ ಕುತ್ತಿಗೆಗೆ ಗುಂಡು ಬಿದ್ದಿದೆ. ನೀನು ಹೊಡೆದಿದ್ರೆ ಅದು ಕೆಳಗಿಂದ ಮೇಲಕ್ಕೆ ಹೋಗಿ ಆ ಸೂರಿಗೆ ಬೀಳಬೇಕಿತ್ತು. ಬಿದ್ದಿರೋದು ಎಲ್ಲಿ? ಕಪಾಟಿನ ಅಡಿಹಲಗೇಲಿ. ಮೇಲಿಂದ ಕೆಳಕ್ಕೆ ಬಂದ ಗುಂಡು ಅದು. ಅವನಿಗಿಂತ ಎತ್ತರದವನು ಹೊಡೆದಿದ್ದಾನೆ, ಇಲ್ಲ ಅವನು ಬಗ್ಗಿದ್ದಾಗ ಹೊಡೆದಿದ್ದಾರೆ.”

ಅವಳು ಕಪಾಟಿನ ತೂತಿನ ಕಡೆ ತಿರುಗಿದಳು. ಚಾಚಿದ ಕೈ ಕೆಳಗಿಳಿಸಲಿಲ್ಲ.

“ಬಗ್ಗಿದ್ದ,” ಎಂದಳು. “ನನ್ನ ಎಬ್ಬಿಸೋಕೆ ಬಗ್ಗಿದ್ದ.”

ನಾನು ನೆಲದ ಹೊಸ ಹಾಸಿನ ಕಡೆ ನೋಡಿದೆ.

“ನೀನು ನೆಲದ ಮೇಲಿದ್ಯಾ?”

“ಹ್ಞೂಂ.”

“ನಿನ್ನ ಯಾರು ಕೆಡವಿದ್ದು?”

ಅವಳು ತಲೆ ಅಲ್ಲಾಡಿಸಿದಳು. ಮತ್ತೆ ಕೂತಳು. ಮಾತು ಒಂದೊಂದೇ ಹೊರಬಂತು.

“ಗೊತ್ತಿರೋನು ಕಣೇ. ಗಂಡ ಹೋದಾಗಿಂದ ಬರ್ತಿದ್ದ, ಗಟಾರ ತೆಗೀತೀನಿ, ಹುಲ್ಲು ಕೊಯ್ತೀನಿ ಅಂತ. ಆವತ್ತು ಜ್ವರದ ಔಷಧಿ ತಂದಿದ್ದೀನಿ ಅಂದ. ಬಾಗಿಲು ತೆಗೆದೆ. ಗೊತ್ತಿರೋನು ಬಂದಾಗ ಯಾರಾದ್ರೂ ಕೈಲಿ ಪಿಸ್ತೂಲು ಹಿಡ್ಕೊಂಡು ಬಾಗಿಲು ತೆಗೀತಾರಾ? ನೀನೇ ಹೇಳು.”

“ಆಮೇಲೆ?”

“ಹೋಗು ಅಂದೆ. ಹೋಗ್ಲಿಲ್ಲ. ಕೈ ಹಿಡಿದ. ಬ್ಯಾಗು ಆ ಕುರ್ಚಿ ಮೇಲಿತ್ತು, ಪಿಸ್ತೂಲು ಬ್ಯಾಗಲ್ಲಿತ್ತು. ಇಷ್ಟು ವರ್ಷದಿಂದ ಎಷ್ಟು ಹೆಂಗಸರಿಗೆ ಹೇಳಿಕೊಟ್ಟೆ, ಹೆಂಗೆ ತೆಗೀಬೇಕು, ಹೆಂಗೆ ನಿಲ್ಲಬೇಕು ಅಂತ. ನನ್ನ ಕೈ ಏಳಲೇ ಇಲ್ಲ ವರ್ನಾ. ಮರಗಟ್ಟಿಹೋಯ್ತು. ಅವನೇ ನಗ್ತಾ ಬ್ಯಾಗು ತೆಗೆದ. ಇದನ್ನ ಹುಡುಕ್ತಿದ್ಯಾ ಮಿಸ್ ನೆಲ್ಡಾ ಅಂದ. ಅದನ್ನ ನನಗೇ ತೋರಿಸಿ ನೆಲಕ್ಕೆ ಕೆಡವಿದ.”

ಹೊರಗೆ ಯಾರದೋ ಹುಲ್ಲು ಕೊಯ್ಯುವ ಯಂತ್ರದ ಸದ್ದು ಕೇಳುತ್ತಿತ್ತು. ಅದು ನಿಲ್ಲುವವರೆಗೆ ಅವಳು ಕಿಟಕಿಯ ಕಡೆಯೇ ನೋಡುತ್ತಿದ್ದಳು.

“ಆಗ ವೆಂಡಲ್ ಬಂದ. ‘ಮಿಸ್ ನೆಲ್ಡಾ, ಅಮ್ಮ ಊಟ ಕಳಿಸಿದ್ದಾಳೆ’ ಅಂತ ಕೂಗ್ತಾನೇ ಒಳಗೆ ಬಂದ. ಪಾತ್ರೆ ಕಟ್ಟೆ ಮೇಲಿಟ್ಟ. ಆಮೇಲೆ ನಮ್ಮನ್ನ ನೋಡ್ದ. ಅವನು ಓಡಬಹುದಿತ್ತು ಕಣೇ, ಬಾಗಿಲು ಅವನ ಹಿಂದೇನೇ ಇತ್ತು. ಓಡ್ಲಿಲ್ಲ. ‘ಬಿಡಿ ಸಾರ್, ಬಿಡಿ’ ಅಂದ. ಸಾರ್ ಅಂತಾನೇ ಅಂದ. ನನ್ನ ಎಬ್ಬಿಸೋಕೆ ಕೈ ಕೊಟ್ಟ.”

ಅವಳಿಗೆ ಮುಂದೆ ಹೇಳಲಾಗಲಿಲ್ಲ. ಬೇಕಾಗಿಯೂ ಇರಲಿಲ್ಲ.

ಕಳ್ಳ ಎಂದು ಊರೆಲ್ಲ ಉಗಿದ ಹುಡುಗ ಅವಳನ್ನು ಬಿಡಿಸಲು ಹೋಗಿ ಸತ್ತಿದ್ದ. ಬರಿಗೈಯಲ್ಲಿ.

“ಬಾಗಿಲು ಒದ್ದಿದ್ದು?”

“ಅವನೇ, ಆಮೇಲೆ. ಎಲ್ಲಾ ಅವನೇ ಜೋಡಿಸ್ದ. ನೀನು ಹೊಡ್ದೆ ಅನ್ನು, ಊರು ನಿನ್ನ ತಲೆ ಮೇಲೆ ಹೊತ್ಕೊಳ್ಳುತ್ತೆ ಅಂದ. ಇಲ್ಲದಿದ್ರೆ ಹೆಣ ಎರಡಾಗುತ್ತೆ ಅಂದ. ಅವನು ಹೇಳಿದ ಹಂಗೇ ಆಯ್ತಲ್ಲ. ಹೊತ್ಕೊಂಡೇಬಿಟ್ರು.”

“ಹೆಸರು ಹೇಳು ನೆಲ್ಡಾ.”

“ಇಲ್ಲ.”

“ಯಾರಿಗೆ ಹೆದರ್ತೀಯ? ನಾನಿದ್ದೀನಿ.”

“ನೀನೊಬ್ಬಳು ಏನು ಮಾಡ್ತೀಯ? ಸೋಮವಾರ ಅವನೂ ಕೋರ್ಟಿನ ಬಾಗಿಲಲ್ಲಿ ನನ್ನ ಪರವಾಗಿ ನಿಂತಿರ್ತಾನೆ. ಅವನ ಮಾತಿಗೆ ಈ ಊರಲ್ಲಿ ತೂಕ ಇದೆ, ನನ್ನ ಮಾತಿಗಿಲ್ಲ.” ಕಣ್ಣೊರೆಸಿಕೊಂಡಳು. “ಪಿಸ್ತೂಲು ಕಲಿಸೋ ನೆಲ್ಡಾನ ಅವಳ ಪಿಸ್ತೂಲಿಂದಲೇ ಹೆದರಿಸಿದ್ರು ಅಂತ ಹೇಳಬೇಕಾ ನಾನು? ನನ್ನ ನಂಬಿ ಅಷ್ಟೊಂದು ಹೆಂಗಸರು ರಾತ್ರಿ ನಿದ್ದೆ ಮಾಡ್ತಿದ್ದಾರೆ.”

“ಹಂಗಾದ್ರೆ ವೆಂಡಲ್?”

ಅವಳು ಮೇಜಿನ ಮೇಲೆ ಮುಂದೆ ಬಾಗಿದಳು. ಇದನ್ನು ಮೊದಲೇ ಯೋಚಿಸಿಟ್ಟಿದ್ದಳು ಎಂದು ಕಾಣುತ್ತದೆ.

“ಒಂದು ಕೆಲಸ ಮಾಡ್ತೀನಿ. ಸೋಮವಾರ ಎದ್ದು ನಿಂತು ಹೇಳ್ತೀನಿ. ವೆಂಡಲ್ ಕಳ್ಳ ಅಲ್ಲ, ಊಟ ಕೊಡೋಕೆ ಬಂದಿದ್ದ, ಜ್ವರದಲ್ಲಿ ನನಗೇ ಗೊತ್ತಾಗದೆ ಹೊಡೆದುಬಿಟ್ಟೆ ಅಂತ. ನನ್ನ ಜೈಲಿಗೆ ಹಾಕ್ಲಿ. ಅಲ್ಲಿ ಅವನಾದ್ರೂ ಬರಲ್ಲ. ಓಡೆಸ್ಸಾಗೆ ಬೇಕಾದ್ದು ಸಿಗುತ್ತೆ. ಗುಂಡಿನ ತೂತಿನ ಮಾತು ನೀನು ಎತ್ತಬೇಡ. ಇನ್ನೊಬ್ಬ ಇದ್ದ ಅಂತ ಅನ್ನಬೇಡ. ಅಷ್ಟೇ.”

ಒಪ್ಪಿಬಿಡಬೇಕು ಅನ್ನಿಸಿತು. ನಿಜವಾಗಿ ಅನ್ನಿಸಿತು. ಓಡೆಸ್ಸಾ ಕೇಳಿದ್ದು ಅಷ್ಟೇ ತಾನೆ, ಮಗ ಕಳ್ಳನಲ್ಲ ಎಂದು ಒಬ್ಬರು ಹೇಳಲಿ ಎಂದು. ಈ ಹಾಳೂರಿನಲ್ಲಿ ಅದಕ್ಕಿಂತ ಹೆಚ್ಚು ನ್ಯಾಯ ಯಾರಿಗೆ ಸಿಕ್ಕಿದೆ? ಆದರೆ ಕೊಂದವನು ಬಸ್ಸು ಮಾಡಿಕೊಂಡು ಕೋರ್ಟಿಗೆ ಬಂದು, ಊಟ ಮಾಡಿ, ಮನೆಗೆ ಹೋಗುತ್ತಾನೆ.

ಬಸ್ಸು ಎಂದು ಯೋಚಿಸಿದಾಗಲೇ ನನ್ನೊಳಗೆ ಏನೋ ಚುಚ್ಚಿತು. ಅದೇನೆಂದು ಹಿಡಿಯುವಷ್ಟರಲ್ಲಿ ಹಿಂಬಾಗಿಲ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು.

“ಮಿಸ್ ನೆಲ್ಡಾ,” ಎಂದು ಯಾರೋ ಕೂಗಿದರು.

ಓಡೆಸ್ಸಾ. ಜಾಲರಿ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಒಳಗೆ ಬಂದಳು. ಬಲಗೈಯಲ್ಲಿ ಪಿಸ್ತೂಲಿತ್ತು. ಹೊಸದು, ಕರಿಯ ಬಣ್ಣ, ಅಂಗಡಿಯ ಚೀಟಿ ಇನ್ನೂ ದಾರದಲ್ಲಿ ನೇತಾಡುತ್ತಿತ್ತು.

“ಓಡೆಸ್ಸಾ, ಅದನ್ನ ಕೆಳಗಿಡು,” ಎಂದೆ.

“ನೀನಿಲ್ಲೇ ಇದ್ದೀಯಾ? ಒಳ್ಳೇದಾಯ್ತು. ಬರಕೊಳ್ಳೋಕೆ ಒಬ್ಬರು ಬೇಕು.”

“ಎಲ್ಲಿ ಸಿಕ್ತು ಅದು?”

“ಡ್ವೈಟ್ ಮನೆಗೇ ತಂದುಕೊಟ್ಟ. ಈಗಷ್ಟೇ. ನಿನ್ನ ಸಂಕಟ ನೋಡೋಕಾಗಲ್ಲ ಓಡೆಸ್ಸಾ ಅಂದ. ಸೋಮವಾರ ಆದ್ಮೇಲೆ ಏನೂ ಮಾಡೋಕಾಗಲ್ಲ ಅಂದ. ಅವನೇ ಗುಂಡು ತುಂಬಿ, ಹೆಂಗೆ ಹಿಡೀಬೇಕು ಅಂತ ತೋರಿಸಿಕೊಟ್ಟ.” ಅವಳ ದನಿ ಸಪಾಟಾಗಿತ್ತು. “ನೆಲ್ಡಾ ಮನೇಲಿ ಒಬ್ಬಳೇ ಇರ್ತಾಳೆ ಅಂತಾನೂ ಹೇಳ್ದ.”

ಡ್ವೈಟ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ನೆಲ್ಡಾಳ ಮುಖದಿಂದ ರಕ್ತ ಇಳಿದುಹೋಯಿತು. ಅವಳು ನನ್ನತ್ತ ನೋಡಿದಳು. ನಾನು ಅವಳತ್ತ ನೋಡಿದೆ. ಹೆಸರು ಕೇಳುವ ಅಗತ್ಯ ಮುಗಿದಿತ್ತು. ಆದರೆ ಅದನ್ನು ಕೋರ್ಟಿನಲ್ಲಿ ಹೇಳಬಲ್ಲವಳು ಈ ಲೋಕದಲ್ಲಿ ಅವಳೊಬ್ಬಳೇ, ಅವಳ ಎದೆಗೆ ಆ ಡ್ವೈಟ್ ತುಂಬಿಕೊಟ್ಟ ಪಿಸ್ತೂಲು ಗುರಿಯಿಟ್ಟಿತ್ತು.

“ಓಡೆಸ್ಸಾ, ನನ್ನ ಮಾತು ಕೇಳು,” ಎಂದೆ. “ವೆಂಡಲ್‌ನ ಕೊಂದಿದ್ದು ಇವಳಲ್ಲ, ನಿನಗೆ ಅದನ್ನ ತಂದುಕೊಟ್ಟವನೇ.”

“ನೀನು ಸುಮ್ನಿರು. ಎರಡು ವಾರ ನಿನ್ನ ಮಾತು ಕೇಳ್ದೆ.” ಅವಳು ನೆಲ್ಡಾಳ ಕಡೆ ತಿರುಗಿದಳು. “ನೀನು ಹೇಳು. ನಾವಿಬ್ಬರೂ ಒಂದೇ ಬೆಂಚಲ್ಲಿ ಕೂತು ಪ್ರಾರ್ಥನೆ ಮಾಡಿದವರು, ಸುಳ್ಳು ಹೇಳಬೇಡ. ನನ್ನ ಮಗ ಕಳ್ಳನಾ?”

“ಅಲ್ಲ,” ಎಂದಳು ನೆಲ್ಡಾ. “ನಿನ್ನ ಮಗ ಕಳ್ಳ ಅಲ್ಲ ಓಡೆಸ್ಸಾ. ಬಂಗಾರದಂಥ ಹುಡುಗ.”

ಇಷ್ಟು ದಿನ ಕಾದಿದ್ದ ಮಾತು ಅದು. ಅವಳು ಅಲ್ಲೇ ಅತ್ತುಬಿಡುತ್ತಾಳೆ, ಕೈ ಇಳಿಸುತ್ತಾಳೆ ಎಂದುಕೊಂಡೆ.

“ಹಂಗಾದ್ರೆ ಕೊಂದಿದ್ದು ಯಾರು? ನೀನಲ್ಲ ಅಂತಾಳಲ್ಲ ಇವಳು. ನೀನಲ್ವಾ?”

“ಹೇಳು ನೆಲ್ಡಾ,” ಎಂದು ನಾನು ಕಿರುಚಿದೆ. “ನಾನಲ್ಲ ಅನ್ನು! ಒಂದು ಮಾತು!”

ನೆಲ್ಡಾ ನನ್ನ ಕಡೆ ನೋಡಲಿಲ್ಲ. ನಿಧಾನವಾಗಿ ಎದ್ದು ನಿಂತಳು. ಎರಡು ವಾರದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಭಯವಿರಲಿಲ್ಲ.

“ನಾನೇ ಓಡೆಸ್ಸಾ,” ಎಂದಳು. “ನಾನೇ ಹೊಡ್ದೆ.”

ಓಡೆಸ್ಸಾ ಪಿಸ್ತೂಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

ನಾನು ಮೇಜಿನ ಆಚೆ ಬದಿಯಲ್ಲಿದ್ದೆ, ಹಾರಿದರೂ ಮುಟ್ಟುವ ಹಾಗಿರಲಿಲ್ಲ. ನನ್ನ ಕೈ ಸೊಂಟದ ಪಿಸ್ತೂಲಿಗೆ ಹೋಯಿತು. ನೆಲ್ಡಾಳನ್ನು ಉಳಿಸಬೇಕಾದರೆ ನಾನು ವೆಂಡಲ್‌ನ ತಾಯಿಗೆ ಗುಂಡು ಹೊಡೆಯಬೇಕಿತ್ತು.